ನೃತ್ಯ ಸಂಸ್ಥೆಯ ಆಡಳಿತ ಮಂಡಳಿಗೆ ಸೇರುವ ಮುನ್ನ ಏನನ್ನು ವಿಚಾರಿಸಬೇಕು?

ಪ್ರಶ್ನೆ – ಸಾಲಿನ ಕೊನೆಯವಳು

ಎಲ್ಲರಿಗೂ ನಮಸ್ಕಾರ. ಲಾಭದ ಉದ್ದೇಶವಿಲ್ಲದ ಒಂದು ಸಮುದಾಯ ನೃತ್ಯ ಸಂಸ್ಥೆಯಲ್ಲಿ ನಾನು ಕೆಲವು ವರ್ಷಗಳಿಂದ ಭಾಗವಹಿಸುತ್ತಿದ್ದೇನೆ. ವಯಸ್ಸು, ಅನುಭವಗಳ ಭೇದವಿಲ್ಲದೆ ಯಾರು ಬೇಕಾದರೂ ಬಂದು ಕುಣಿಯಬಹುದಾದ ಸಾಪ್ತಾಹಿಕ ಕೂಟ ಅದರ ಮುಖ್ಯ ಚಟುವಟಿಕೆ. ಬಾಗಿಲಲ್ಲಿ ಹಣ ತೆಗೆದುಕೊಳ್ಳುವುದು, ಕುರ್ಚಿ ಜೋಡಿಸುವುದು, ಹೊಸಬರಿಗೆ ಹೆಜ್ಜೆ ಹೇಳಿಕೊಡುವುದು ಮುಂತಾದ ಕೆಲಸಗಳಿಗೆ ನಾನು ಕೈಜೋಡಿಸುತ್ತ ಬಂದಿದ್ದೇನೆ. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಆಡಳಿತ ಮಂಡಳಿಗೆ ನನ್ನ ಹೆಸರನ್ನು ಸೂಚಿಸುವುದಾಗಿ ಅಧ್ಯಕ್ಷರು ಹೇಳಿದ್ದಾರೆ. ಕಾರ್ಯಕ್ರಮ ಉಪಸಮಿತಿಯಲ್ಲಿಯೂ ಒಂದು ಸ್ಥಾನ ತೆರವಾಗಿದೆ. ಇವೆರಡರ ಹೊಣೆಗಾರಿಕೆಯಲ್ಲಿ ನಿಜವಾದ ವ್ಯತ್ಯಾಸವೇನು, ಒಪ್ಪಿಕೊಳ್ಳುವ ಮೊದಲು ಯಾವ ಕಾಗದಪತ್ರಗಳನ್ನು ನೋಡಬೇಕು ಎಂಬುದನ್ನು ಅನುಭವವಿರುವವರು ತಿಳಿಸಬೇಕೆಂದು ಕೋರುತ್ತೇನೆ. ಇನ್ನೊಂದು ವಿಷಯ: ಆರಂಭಿಕರ ತರಗತಿಗಳನ್ನು ನಡೆಸಿದ್ದಕ್ಕೆ ಸಂಸ್ಥೆಯಿಂದ ನನಗೆ ಆಗಾಗ ಸಂಭಾವನೆ ಬರುತ್ತದೆ. ಇದು ಅಡ್ಡಿಯಾಗುವುದೇ?

ಉತ್ತರ – ಮಾಜಿ ಖಜಾಂಚಿ

ನಮಸ್ಕಾರ. ಉಪಸಮಿತಿಯು ತನಗೆ ಒಪ್ಪಿಸಿದ ಕೆಲಸವನ್ನು, ತನಗೆ ಮಂಜೂರಾದ ಹಣದ ಮಿತಿಯೊಳಗೆ ಮಾಡುತ್ತದೆ. ಅದನ್ನು ಮೀರಿದ್ದಕ್ಕೆ ಶಿಫಾರಸು ಮಾತ್ರ ಮಾಡಬಲ್ಲದು. ಆಡಳಿತ ಮಂಡಳಿಯಾದರೋ ಸಂಸ್ಥೆಯ ಪರವಾಗಿ ನಿರ್ಧರಿಸುವ ಹೊಣೆ ಹೊತ್ತದ್ದು. ಸಭಾಂಗಣದ ಕರಾರು, ತೆರಿಗೆಯ ವಿವರ, ವಿಮೆ, ದಾನಿಗಳಿಗೆ ಕೊಟ್ಟ ಮಾತು ಇವೆಲ್ಲಕ್ಕೂ ಮಂಡಳಿಯ ಸದಸ್ಯರು ಒಟ್ಟಾಗಿ ಉತ್ತರ ಹೇಳಬೇಕು, ಮತ ಹಾಕಿದ ಸಭೆಗೆ ಮಾತ್ರವಲ್ಲ, ಗೈರುಹಾಜರಾದ ಸಭೆಗೂ. ಅವರಿಂದ ನಿರೀಕ್ಷಿಸುವುದು ಮೂರು ಸಂಗತಿಗಳನ್ನು: ವಿವೇಕವುಳ್ಳ ವ್ಯಕ್ತಿ ತೋರುವಷ್ಟು ಎಚ್ಚರ, ಸ್ವಂತ ಲಾಭಕ್ಕಿಂತ ಸಂಸ್ಥೆಯ ಹಿತಕ್ಕೆ ನಿಷ್ಠೆ, ಹಾಗೂ ನೋಂದಣಿಯ ವೇಳೆ ಘೋಷಿಸಿದ ಉದ್ದೇಶದ ಚೌಕಟ್ಟಿನಲ್ಲಿಯೇ ನಡೆಯುವುದು.

ಒಪ್ಪಿಕೊಳ್ಳುವ ಮುನ್ನ ಬೈಲಾ (ಸಂಸ್ಥೆಯ ಆಂತರಿಕ ನಿಯಮಾವಳಿ), ಕಳೆದ ಎರಡು ಮೂರು ವರ್ಷಗಳ ಲೆಕ್ಕಪತ್ರ, ಕಳೆದ ವರ್ಷದ ಸಭಾ ನಡಾವಳಿ ಮತ್ತು ವಿಮಾ ಪಾಲಿಸಿಗಳನ್ನು ಕೇಳಿ ಪಡೆಯಿರಿ. ಕೊಡಲು ಹಿಂದೆಮುಂದೆ ನೋಡಿದರೆ ನಿಮಗೆ ಅರ್ಧ ಉತ್ತರ ಸಿಕ್ಕಂತೆಯೇ. ನಡಾವಳಿಯಲ್ಲಿ ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಾತಿ) ಇಲ್ಲದೆ ಮುಂದೂಡಿದ ಸಭೆಗಳು ಮತ್ತೆ ಮತ್ತೆ ಕಾಣಿಸಿದರೆ, ಮಂಡಳಿ ಹೆಸರಿಗಷ್ಟೇ ಇದೆ, ನಿರ್ಧಾರಗಳನ್ನು ಇಬ್ಬರೋ ಮೂವರೋ ಬೇರೆಲ್ಲೋ ಕೈಗೊಳ್ಳುತ್ತಿದ್ದಾರೆ ಎಂದು ಶಂಕಿಸಬೇಕಾಗುತ್ತದೆ. ಲೆಕ್ಕಪತ್ರದಲ್ಲಿ ಮೊದಲು ನೋಡಬೇಕಾದದ್ದು ಮೀಸಲು ನಿಧಿ. ಮೂರರಿಂದ ಆರು ತಿಂಗಳ ಖರ್ಚಿಗೆ ಸಾಲುವಷ್ಟು ಹಣ ಕೈಯಲ್ಲಿರಬೇಕೆಂಬುದು ಸಾಮಾನ್ಯವಾಗಿ ಕೊಡುವ ಸಲಹೆ. ಬಾಗಿಲಲ್ಲಿ ಸಂಗ್ರಹವಾಗುವ ಹಣವನ್ನೇ ನೆಚ್ಚಿಕೊಂಡ ನೃತ್ಯ ಸಂಸ್ಥೆಗೆ ಜನ ಬರಲಿ ಬಿಡಲಿ ಬಾಡಿಗೆಯಂತೂ ತಪ್ಪುವುದಿಲ್ಲ. ಅನಂತರ, ನಿರ್ದಿಷ್ಟ ಉದ್ದೇಶಕ್ಕೆಂದು ಬಂದ ದೇಣಿಗೆಗಳು ಅದಕ್ಕೇ ಖರ್ಚಾಗಿವೆಯೇ ಎಂಬುದನ್ನು ನೋಡಿ. ಮಕ್ಕಳ ತರಗತಿಗೆಂದು ಕೊಟ್ಟ ಹಣದಲ್ಲಿ ಬಾಡಿಗೆಯ ಬಾಕಿ ತೀರಿಸುವುದು, ಎಷ್ಟೇ ಒಳ್ಳೆಯ ಮನಸ್ಸಿನಿಂದ ಮಾಡಿದರೂ, ದಾನಿಗಳಿಗೆ ಕೊಟ್ಟ ಮಾತನ್ನು ಮುರಿದಂತೆ. ಬ್ಯಾಂಕಿನ ಪಾಸ್‌ಪುಸ್ತಕವನ್ನೂ ಲೆಕ್ಕದ ಪುಸ್ತಕವನ್ನೂ ಪ್ರತಿ ತಿಂಗಳು ತಾಳೆ ನೋಡುವವರು ಯಾರೆಂದು ಕೇಳಿ. ಚೆಕ್ಕಿಗೆ ಸಹಿ ಹಾಕುವವರೇ ಆ ಕೆಲಸವನ್ನೂ ಮಾಡುತ್ತಿದ್ದರೆ ಅದನ್ನು ಬದಲಿಸಬೇಕು. ಖಜಾಂಚಿಯ ಮೇಲೆ ಅನುಮಾನವೆಂದಲ್ಲ, ಅವರನ್ನು ಅನುಮಾನದಿಂದ ಕಾಪಾಡುವುದಕ್ಕೂ ಅದೇ ದಾರಿ.

ವಿಮೆಯಲ್ಲಿ ಎರಡು ಬಗೆಯಿದೆ. ಕುಣಿಯುವಾಗ ಯಾರಾದರೂ ಜಾರಿಬಿದ್ದರೆ ನೆರವಾಗುವುದು ಒಂದು. ಮಂಡಳಿಯ ನಿರ್ಧಾರವನ್ನು ಪ್ರಶ್ನಿಸಿ ಯಾರಾದರೂ ನ್ಯಾಯಾಲಯಕ್ಕೆ ಹೋದರೆ ಸದಸ್ಯರನ್ನು ರಕ್ಷಿಸುವುದು ಇನ್ನೊಂದು. ಮೊದಲನೆಯದನ್ನು ಸಭಾಂಗಣದವರೇ ಕೇಳುವುದರಿಂದ ಅನೇಕ ಸಂಸ್ಥೆಗಳು ಮಾಡಿಸಿರುತ್ತವೆ, ಎರಡನೆಯದನ್ನು ಮರೆತಿರುತ್ತವೆ. ಪ್ರಾಮಾಣಿಕವಾಗಿ ಕೈಗೊಂಡ ನಿರ್ಧಾರ ತಪ್ಪಾದ ಮಾತ್ರಕ್ಕೆ ಸ್ವಯಂಸೇವಕರ ಸ್ವಂತ ಆಸ್ತಿಗೆ ಕೈಹಾಕಲು ಅನೇಕ ದೇಶಗಳ ಕಾನೂನು ಸುಲಭವಾಗಿ ಬಿಡುವುದಿಲ್ಲ. ಆದರೆ ಗೊತ್ತಿದ್ದೂ ಕಣ್ಣುಮುಚ್ಚಿ ಕುಳಿತವರಿಗೆ ಆ ರಕ್ಷಣೆಯ ಭರವಸೆಯಿಲ್ಲ. ನಿಮ್ಮಲ್ಲಿನ ನಿಯಮವನ್ನು ಬಲ್ಲವರಿಂದ ತಿಳಿದುಕೊಳ್ಳಿ.

ಉತ್ತರ – ನಡಾವಳಿ ಬರೆಯುವವರು

ಸಂಭಾವನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಲಾಭರಹಿತ ಸಂಸ್ಥೆ ಎಂದರೆ ಯಾರಿಗೂ ಹಣ ಕೊಡಬಾರದು ಎಂದರ್ಥವಲ್ಲ. ಉಳಿದ ಹಣವನ್ನು ಸದಸ್ಯರು ಹಂಚಿಕೊಳ್ಳಬಾರದು ಎಂದರ್ಥ. ಮಾಡಿದ ಕೆಲಸಕ್ಕೆ ನ್ಯಾಯವಾದ ಸಂಭಾವನೆಯನ್ನು ಮಂಡಳಿಯ ಸದಸ್ಯರಿಗೂ ಕೊಡಲು ಕೆಲವು ಕಡೆ ಅವಕಾಶವಿದೆ, ಕೆಲವು ಕಡೆ ನಿರ್ಬಂಧವಿದೆ, ಆದ್ದರಿಂದ ಮೊದಲು ಬೈಲಾವನ್ನೂ ಸ್ಥಳೀಯ ಕಾನೂನನ್ನೂ ನೋಡಬೇಕು. ಅವಕಾಶವಿದ್ದರೂ ತರಗತಿಯ ಶಿಕ್ಷಕರನ್ನು ಆರಿಸುವ ಅಥವಾ ಸಂಭಾವನೆಯನ್ನು ನಿಗದಿಪಡಿಸುವ ವಿಷಯ ಚರ್ಚೆಗೆ ಬಂದಾಗ ನೀವು ನಿಮ್ಮ ಹಿತಾಸಕ್ತಿಯನ್ನು ಮೊದಲೇ ತಿಳಿಸಿ, ಕೋಣೆಯಿಂದ ಹೊರಗೆ ಹೋಗಿ, ಮತ ಹಾಕದೆ ಇರಬೇಕು. ಹಾಗೆ ಮಾಡಿದ್ದು ನಡಾವಳಿಯಲ್ಲಿ ದಾಖಲಾಗಬೇಕು. ಒಳಗೇ ಕುಳಿತು ಮೌನವಾಗಿದ್ದರೆ ಸಾಲದು, ಏಕೆಂದರೆ ಎದುರಿಗೆ ಕುಳಿತ ಸ್ನೇಹಿತೆಯ ಸಂಭಾವನೆಯನ್ನು ಕಡಿಮೆ ಮಾಡೋಣವೆಂದು ಹೇಳುವ ಧೈರ್ಯ ಬಹಳ ಜನರಿಗೆ ಇರುವುದಿಲ್ಲ.

ವಿಚಿತ್ರವೆಂದರೆ, ನೀವು ಸುರಕ್ಷಿತವೆಂದು ಭಾವಿಸಿರಬಹುದಾದ ಕಾರ್ಯಕ್ರಮ ಉಪಸಮಿತಿಯಲ್ಲಿಯೇ ಈ ಸಂಘರ್ಷ ಹೆಚ್ಚು. ಯಾವ ಶಿಕ್ಷಕರನ್ನು, ಯಾವ ವಾದ್ಯವೃಂದವನ್ನು ಕರೆಯಬೇಕೆಂದು ತೀರ್ಮಾನಿಸುವುದು ಅಲ್ಲಿಯೇ. ಕುಣಿಯುವವರು, ಕಲಿಸುವವರು, ನುಡಿಸುವವರು, ಸಂಸ್ಥೆ ನಡೆಸುವವರು ಎಲ್ಲರೂ ಅದೇ ನಾಲ್ಕು ಜನವಾಗಿರುವಾಗ ಹಿತಾಸಕ್ತಿಯ ಸಂಘರ್ಷವನ್ನು ಇಲ್ಲವಾಗಿಸಲು ಸಾಧ್ಯವಿಲ್ಲ. ಬಯಲಿನಲ್ಲಿ ಇಟ್ಟುಕೊಳ್ಳಲು ಮಾತ್ರ ಸಾಧ್ಯ.

ಉತ್ತರ – ಎರಡು ಅವಧಿ ಮುಗಿಸಿದವರು

ಮೇಲಿನ ಮಾತುಗಳನ್ನು ಒಪ್ಪುತ್ತೇನೆ, ಆದರೆ ಓದಿದವರಿಗೆ ಹೆದರಿಕೆಯೇ ಹೆಚ್ಚಾದೀತು ಎನಿಸಿತು. ಕುಣಿಯುವವರಿಲ್ಲದ ಮಂಡಳಿ ಬಾಡಿಗೆ ಕಡಿಮೆಯೆಂಬ ಒಂದೇ ಕಾರಣಕ್ಕೆ ಕಾಂಕ್ರೀಟು ನೆಲದ ಸಭಾಂಗಣವನ್ನು ಗೊತ್ತುಮಾಡಿ ಬರುತ್ತದೆ. ಕುಣಿಯಲಾರದವರು ನೆಲ ಡೊಂಕೆಂದರು ಎಂಬ ಗಾದೆ ನಮ್ಮಲ್ಲಿ ಸಲ್ಲದು: ಅಡಿಯಲ್ಲಿ ಪುಟಿತವಿರುವ ಮರದ ನೆಲಕ್ಕೂ ಗಟ್ಟಿ ನೆಲಕ್ಕೂ ಇರುವ ವ್ಯತ್ಯಾಸ ಒಳ್ಳೆಯ ನರ್ತಕರ ಮೊಣಕಾಲಿಗೇ ಮೊದಲು ತಿಳಿಯುತ್ತದೆ. ಇಂಥ ತಿಳಿವಳಿಕೆ ಮಂಡಳಿಯಲ್ಲಿರಬೇಕು. ಬಾಗಿಲಲ್ಲಿ ಕುಳಿತು ಹೊಸಬರ ಮುಖಗಳನ್ನು ನೋಡಿರುವ ನಿಮಗೆ, ಅವರು ಮತ್ತೆ ಏಕೆ ಬರಲಿಲ್ಲವೆಂಬುದು ಹಳಬರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಕೇಳಲೇಬೇಕಾದ ಒಂದು ಪ್ರಶ್ನೆಯಿದೆ: ಅಧಿಕಾರಾವಧಿ ಎಷ್ಟು, ಅದಕ್ಕೆ ಮಿತಿ ಇದೆಯೇ? ಎಲ್ಲರ ಅವಧಿಯೂ ಒಟ್ಟಿಗೆ ಮುಗಿಯದಂತೆ ಪ್ರತಿ ವರ್ಷ ಮೂರನೆಯ ಒಂದು ಭಾಗ ಮಾತ್ರ ಬದಲಾಗುವ ವ್ಯವಸ್ಥೆಯಿದ್ದರೆ ಹೊಸಬರಿಗೆ ಕಲಿಸಲು ಹಳಬರು ಇರುತ್ತಾರೆ. ಮಿತಿಯೇ ಇಲ್ಲದ ಕಡೆ ಒಳಗೆ ಹೋಗುವುದು ಸುಲಭ, ಹೊರಗೆ ಬರುವುದು ಕಷ್ಟ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಬೈಲಾವನ್ನು ಕೇಳಿ ಪಡೆದೆ. ಸಂಭಾವನೆಗೆ ಅದರಲ್ಲಿ ಅಡ್ಡಿಯಿಲ್ಲ, ಹಿತಾಸಕ್ತಿಯನ್ನು ಘೋಷಿಸಬೇಕೆಂಬ ನಿಯಮವಿದೆ. ಆದರೆ ನೃತ್ಯದ ವೇಳೆ ಯಾರಾದರೂ ಅಸಭ್ಯವಾಗಿ ಮುಟ್ಟಿದರೆಂಬ ದೂರು ಬಂದಾಗ ಏನು ಮಾಡಬೇಕೆಂಬುದು ಎಲ್ಲಿಯೂ ಇಲ್ಲ. ಅಧ್ಯಕ್ಷರೇ ಮಾತನಾಡಿ ಸರಿಪಡಿಸುತ್ತಾರಂತೆ.

ಉತ್ತರ – ನಡಾವಳಿ ಬರೆಯುವವರು

ಸೇರುವುದಾದರೆ ನೀವು ಮೊದಲು ಮಂಡಿಸಬೇಕಾದ ಠರಾವು ಇದೇ. ಕೈ ಹಿಡಿದು, ಸೊಂಟ ಬಳಸಿ, ಸರದಿಯಲ್ಲಿ ಅಪರಿಚಿತರೊಂದಿಗೆ ಜೊತೆಯಾಗುವ ನೃತ್ಯಗಳಲ್ಲಿ ದೂರುಗಳು ಬರುವುದು ಅಪರೂಪವಲ್ಲ, ಮತ್ತು ಅಧ್ಯಕ್ಷರೊಬ್ಬರೇ ಮಾತನಾಡಿ ಮುಗಿಸುವ ಪದ್ಧತಿಯಲ್ಲಿ ಹಿಂದಿನ ದೂರಿನ ನೆನಪು ಅವರ ಅವಧಿಯೊಂದಿಗೇ ಮುಗಿದುಹೋಗುತ್ತದೆ. ನಡವಳಿಕೆಯ ನಿಯಮಗಳನ್ನು ಬರೆದು ಬಾಗಿಲಲ್ಲಿ ಕಾಣುವಂತೆ ಹಾಕಬೇಕು. ದೂರು ಸ್ವೀಕರಿಸಲು ಕನಿಷ್ಠ ಇಬ್ಬರಿರಬೇಕು, ಒಬ್ಬರ ಮೇಲೆಯೇ ದೂರಿದ್ದರೆ ಇನ್ನೊಬ್ಬರ ಬಳಿ ಹೋಗುವಂತಿರಬೇಕು. ಅವರು ದಿನಾಂಕ ಸಹಿತ ಬರೆದಿಟ್ಟು, ಎರಡೂ ಕಡೆಯವರ ಮಾತನ್ನು ಬೇರೆ ಬೇರೆಯಾಗಿ ಕೇಳಿ, ಎಚ್ಚರಿಕೆಯೋ ತಾತ್ಕಾಲಿಕ ನಿರ್ಬಂಧವೋ ಶಾಶ್ವತ ನಿಷೇಧವೋ ಎಂದು ಶಿಫಾರಸು ಮಾಡಲಿ. ತೀರ್ಮಾನ ಮಂಡಳಿಯದಾಗಿರಲಿ, ಆರೋಪಿತರ ಆಪ್ತರು ಆ ಸಭೆಯಲ್ಲಿ ಇರಬಾರದು. ನಡಾವಳಿಯಲ್ಲಿ ತೀರ್ಮಾನವನ್ನಷ್ಟೇ ಬರೆದು, ಹೆಸರುಗಳನ್ನು ಪ್ರತ್ಯೇಕ ಗೋಪ್ಯ ಕಡತದಲ್ಲಿ ಇಡಿ. ದೂರಿನಲ್ಲಿ ಅಪ್ರಾಪ್ತ ವಯಸ್ಕರು ಇದ್ದರೆ ಇದಾವುದಕ್ಕೂ ಕಾಯದೆ ಕಾನೂನು ಹೇಳುವ ಅಧಿಕಾರಿಗಳಿಗೆ ತಿಳಿಸಬೇಕು.

ಚುನಾವಣೆಗೆ ಮುನ್ನವೇ ಅಧ್ಯಕ್ಷರೊಂದಿಗೆ ಇದನ್ನು ಪ್ರಸ್ತಾಪಿಸಿ. ಅವರು ಹೇಗೆ ಪ್ರತಿಕ್ರಿಯಿಸುತ್ತಾರೆಂಬುದನ್ನು ನೋಡಿಕೊಂಡು ನಾಮಪತ್ರಕ್ಕೆ ಸಹಿ ಹಾಕಬಹುದು.