ಸಹಾಯ ಬೇಕು: ಪಾರ್ಟಿಷನ್ ಅಳಿಸಿದ ಮೇಲೆ ಗ್ರಬ್ ರೆಸ್ಕ್ಯೂನಲ್ಲೇ ನಿಲ್ಲುತ್ತಿದೆ

ಎಲ್ಲರಿಗೂ ನಮಸ್ಕಾರ. ಹಳೇ ಲ್ಯಾಪ್‌ಟಾಪ್, ಯುಇಎಫ್‌ಐ (ಹೊಸ ಬಗೆಯ ಬೂಟ್ ವ್ಯವಸ್ಥೆ) ಇಲ್ಲ, ಹಳೇ ಲೆಗಸಿ ಬಯೋಸ್. ಒಂದೇ ಹಾರ್ಡ್ ಡಿಸ್ಕ್‌ನಲ್ಲಿ ವಿಂಡೋಸ್ ಮತ್ತು ಉಬುಂಟು ಎರಡೂ ಇವೆ; ಆನ್ ಮಾಡಿದಾಗ ಯಾವುದನ್ನು ತೆರೆಯಬೇಕು ಅಂತ ಮೆನು ತೋರಿಸುವ ಪ್ರೋಗ್ರಾಂ ಗ್ರಬ್. ಡಿಸ್ಕ್ ಎಂಬಿಆರ್ (ಹಳೇ ಬಗೆಯ ಪಾರ್ಟಿಷನ್ ಪಟ್ಟಿ) ಮಾದರಿಯದು.

ಜಾಗ ಸಾಲದೆ, ಪಾರ್ಟಿಷನ್ ಬದಲಿಸುವ ಜಿಪಾರ್ಟೆಡ್ ಪ್ರೋಗ್ರಾಂನಲ್ಲಿ ಖಾಲಿ ಇದ್ದ ಎಸ್‌ಡಿಎ5 (ಎಸ್‌ಡಿಎ ಅಂದರೆ ಪೂರ್ತಿ ಡಿಸ್ಕ್, 5 ಅಂದರೆ ಪಾರ್ಟಿಷನ್ ನಂಬರ್) ಅಳಿಸಿದೆ. ಅದರ ಹಿಂದೆಯೇ ಎಸ್‌ಡಿಎ6ರಲ್ಲಿ ಉಬುಂಟು ಇತ್ತು. ಈಗ ಅದೇ ಎಸ್‌ಡಿಎ5 ಆಗಿದೆ. ಆನ್ ಮಾಡಿದರೆ ಕಪ್ಪು ಪರದೆಯಲ್ಲಿ 'ನೋ ಸಚ್ ಪಾರ್ಟಿಷನ್' ಅಂತ ಬಂದು 'ಗ್ರಬ್ ರೆಸ್ಕ್ಯೂ' ಹತ್ತಿರ ನಿಲ್ಲುತ್ತದೆ. ವಿಂಡೋಸ್‌ಗೂ ದಾರಿ ಇಲ್ಲ.

ಅಲ್ಲಿ 'ಎಲ್‌ಎಸ್' ಕೊಟ್ಟು ಒಂದೊಂದೇ ಪಾರ್ಟಿಷನ್ ನೋಡಿದೆ. 'ಅನ್‌ನೋನ್ ಫೈಲ್‌ಸಿಸ್ಟಮ್' ಅನ್ನದೆ ಫೋಲ್ಡರ್‌ಗಳನ್ನು ತೋರಿಸಿದ್ದು ಎಂಎಸ್‌ಡಾಸ್5 (ಗ್ರಬ್‌ನಲ್ಲಿ ಎಸ್‌ಡಿಎ5ರ ಹೆಸರು) ಮಾತ್ರ. ರೂಟ್, ಪ್ರಿಫಿಕ್ಸ್ (ಗ್ರಬ್ ತನ್ನ ಫೈಲ್‌ಗಳನ್ನು ಎಲ್ಲಿ ಹುಡುಕಬೇಕು ಅನ್ನುವ ಸೆಟ್ಟಿಂಗ್) ಎರಡನ್ನೂ ಅದಕ್ಕೆ ಸೆಟ್ ಮಾಡಿ, 'ಇನ್ಸ್‌ಮಾಡ್ ನಾರ್ಮಲ್', ಆಮೇಲೆ 'ನಾರ್ಮಲ್' ಕೊಟ್ಟರೆ ಮೆನು ಬರುತ್ತದೆ, ಉಬುಂಟು ಚೆನ್ನಾಗಿಯೇ ತೆರೆಯುತ್ತದೆ. ಫೈಲ್‌ಗಳೆಲ್ಲ ಇವೆ, ಸದ್ಯ! ಒಳಗೆ ಹೋಗಿ 'ಅಪ್‌ಡೇಟ್-ಗ್ರಬ್' ಓಡಿಸಿದೆ, ಎರರ್ ಏನೂ ಬರಲಿಲ್ಲ. ರೀಸ್ಟಾರ್ಟ್ ಮಾಡಿದರೆ ಮತ್ತೆ ಅದೇ ಕಪ್ಪು ಪರದೆ.

ನನಗೆ ಅನ್ನಿಸುವುದು, ಆ ಕಮಾಂಡ್ ಮೆನುವಿನ ಫೈಲನ್ನಷ್ಟೇ ಹೊಸದಾಗಿ ಬರೆಯುತ್ತದೆ. ಡಿಸ್ಕ್‌ನ ಶುರುವಿನಲ್ಲಿ ಕೂತಿರುವ ಗ್ರಬ್ ಇನ್ನೂ ಹಳೇ 6ನೇ ನಂಬರನ್ನೇ ಹುಡುಕುತ್ತಿದೆ, ಅಲ್ವಾ? ಹಾಗಾದರೆ ಆ ಗ್ರಬ್ಬನ್ನೇ ಮತ್ತೆ ಬರೆಯುವ 'ಗ್ರಬ್-ಇನ್‌ಸ್ಟಾಲ್' ಬೇಕು. ಆದರೆ ಕೆಲವರು ಎಸ್‌ಡಿಎ ಅಂತಾರೆ, ಕೆಲವರು ಎಸ್‌ಡಿಎ5 ಅಂತಾರೆ. ಸುಮ್ನೆ ಒಂದನ್ನು ಒತ್ತಿ ನೋಡಲು ಧೈರ್ಯ ಇಲ್ಲ.

ಇದನ್ನು ಪೂರ್ತಿ ಡಿಸ್ಕ್‌ಗೆ ಕೊಡಬೇಕಾ, ಉಬುಂಟು ಪಾರ್ಟಿಷನ್‌ಗೆ ಕೊಡಬೇಕಾ? ಕೊಟ್ಟರೆ ವಿಂಡೋಸ್ ಬೂಟ್‌ಗೆ ಏನಾದರೂ ತೊಂದರೆ ಆಗುತ್ತದಾ?