ಮಕ್ಕಳಿಗೆ ವಿಮಾನ ಹತ್ತಿಸೋದಕ್ಕೇ ಅಂತ ಒಂದು ಪ್ರವಾಸ: ಯಾವ ಊರಿಗೆ ಹೋಗಲಿ?

ತುಮಕೂರಿನ ಅಮ್ಮ

ಎಲ್ಲರಿಗೂ ನಮಸ್ಕಾರ. ನಮಗೆ ಇಬ್ಬರು ಮಕ್ಕಳು. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಐದು. ಮನೆ ಮೇಲೆ ವಿಮಾನದ ಸದ್ದು ಕೇಳಿದರೆ ಸಾಕು, ಊಟದ ತಟ್ಟೆ ಅಲ್ಲೇ ಬಿಟ್ಟು ಇಬ್ಬರೂ ತಾರಸಿಗೆ ಓಡುತ್ತಾರೆ. ಮಗನದ್ದಂತೂ ಹೋದ ದೀಪಾವಳಿಯಿಂದ ಒಂದೇ ಪ್ರಶ್ನೆ, "ಅಮ್ಮಾ, ನಾವು ಯಾವಾಗ ಅದರೊಳಗೆ ಕೂರೋದು?"

ನಮಗೆ ವಿಮಾನದಲ್ಲಿ ಹೋಗುವಂಥ ಕೆಲಸ ಯಾವುದೂ ಇಲ್ಲ. ನೆಂಟರೆಲ್ಲ ಗುಬ್ಬಿ, ತಿಪಟೂರು, ಸಿರಾ ಕಡೆಯವರು. ಏನಾದರೂ ಕಾರಣ ಬರಲಿ ಅಂತ ಕಾಯುತ್ತಾ ಕೂತರೆ ಮಕ್ಕಳು ಕಾಲೇಜಿಗೆ ಹೋಗಿರುತ್ತಾರೆ. ಅದಕ್ಕೆ ಈ ದಸರಾ ರಜೆಯಲ್ಲಿ ಹಾರೋದಕ್ಕೇ ಅಂತ ಹೋಗಿ ಬರೋಣ ಅಂದುಕೊಂಡಿದ್ದೇವೆ. ಊರು ಯಾವುದಾದರೂ ಸರಿ. ನಾನು ಕೂಡ ಇಲ್ಲಿತನಕ ವಿಮಾನ ಹತ್ತಿಲ್ಲ. ಯಜಮಾನರು ಒಂದೇ ಸಲ ಆಫೀಸ್ ಕೆಲಸಕ್ಕೆ ಹೈದರಾಬಾದಿಗೆ ಹೋಗಿದ್ದರು, ಅದೂ ರಾತ್ರಿ, ನಡುವಿನ ಸೀಟು, ಏನೂ ಕಾಣಲಿಲ್ಲವಂತೆ.

ಅತ್ತೆಯವರಿಗೆ ಇದು ಸರಿ ಬರುತ್ತಿಲ್ಲ. "ಆ ದುಡ್ಡಿಗೆ ಇಬ್ಬರಿಗೂ ಒಂದೊಂದು ಸೈಕಲ್ ಬರುತ್ತೆ" ಅನ್ನುತ್ತಾರೆ. ಅವರು ಕಷ್ಟದಲ್ಲಿ ಮನೆ ನಡೆಸಿದವರು, ಅವರ ಮಾತನ್ನು ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ. ಆದರೂ ಮಕ್ಕಳ ಮುಖ ನೋಡಿದರೆ ಹೋಗಲೇಬೇಕು ಅನ್ನಿಸುತ್ತದೆ.

ಯಾವ ಊರು ಒಳ್ಳೆಯದು? ಎರಡೂ ಕಡೆ ವಿಮಾನ ಬೇಕಾ, ಒಂದು ಕಡೆ ಸಾಕಾ? ಮಗನಿಗೆ ಪದೇ ಪದೇ ಶೀತ ಆಗುತ್ತದೆ, ಕಿವಿ ನೋವು ಬರುತ್ತೆ ಅಂತಾರಲ್ಲ, ಅದು ನಿಜಾನಾ? ಕಿಟಕಿ ಸೀಟು ಇಬ್ಬರಿಗೂ ಸಿಗುತ್ತಾ? ಹೋಗಿ ಬಂದವರು ದಯವಿಟ್ಟು ತಿಳಿಸಿ.

ತುಂಗಾ ತೀರ

ಅಕ್ಕಾ, ನೀವು ತುಮಕೂರಿನವರು ಅಂದ ಕೂಡಲೇ ನನಗೆ ಹೊಳೆದದ್ದು ನಮ್ಮ ಶಿವಮೊಗ್ಗ. ದೇವನಹಳ್ಳಿಯಿಂದ ಶಿವಮೊಗ್ಗಕ್ಕೆ ಹಾರಿ, ಬರುವಾಗ ರೈಲು ಹತ್ತಿ. ಭದ್ರಾವತಿ, ಬೀರೂರು, ಅರಸೀಕೆರೆ, ತಿಪಟೂರು ದಾಟಿ ರೈಲು ನೇರ ನಿಮ್ಮೂರಿಗೇ ಬರುತ್ತದೆ. ವಾಪಸ್ ದೇವನಹಳ್ಳಿಗೆ ಹೋಗುವ ತಾಪತ್ರಯವೇ ಇಲ್ಲ, ಒಂದು ಕಡೆಯ ಟಿಕೆಟ್ ದುಡ್ಡೂ ಉಳಿಯುತ್ತದೆ. ಹೋಗುವಾಗಲೂ ಬೆಂಗಳೂರು ಊರೊಳಗೆ ನುಗ್ಗಬೇಡಿ. ಡಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋದರೆ ಆರಾಮ.

ಇನ್ನೊಂದು ಮುಖ್ಯ ಕಾರಣ ವಿಮಾನ. ನಾವು ಹೋದ ವರ್ಷ ಹೋದಾಗ ಈ ದಾರಿಯಲ್ಲಿ ಎಟಿಆರ್ ಇತ್ತು. ಎರಡು ದೊಡ್ಡ ಪಂಖ ತಿರುಗುವ ಚಿಕ್ಕ ವಿಮಾನ, 78 ಸೀಟು. ದೊಡ್ಡ ಜೆಟ್‌ನಲ್ಲೇ ಹೋಗಬೇಕು ಅಂತ ಕೆಲವರು ಹೇಳಬಹುದು, ನಾನು ಒಪ್ಪೋದಿಲ್ಲ. ಹಾರೋದನ್ನು ನೋಡೋಕೆ ಅಂತಲೇ ಹೋಗುವವರಿಗೆ ಎಟಿಆರ್‌ಗಿಂತ ಒಳ್ಳೆಯದು ಇಲ್ಲ. ಯಾಕೆ ಅಂದರೆ ಅದರಲ್ಲಿ ಒಂದು ಸಾಲಿಗೆ ಈ ಕಡೆ ಎರಡು, ಆ ಕಡೆ ಎರಡು ಸೀಟು. ನೀವು ನಾಲ್ಕು ಜನ ಒಂದೇ ಸಾಲಲ್ಲಿ ಕೂತರೆ ಇಬ್ಬರು ಮಕ್ಕಳಿಗೂ ಒಂದೊಂದು ಕಿಟಕಿ, ಪಕ್ಕದಲ್ಲಿ ಒಬ್ಬೊಬ್ಬರು ದೊಡ್ಡವರು. ರೆಕ್ಕೆ ತಲೆ ಮೇಲೆ ಇರುತ್ತದೆ, ಹಾಗಾಗಿ ಕೆಳಗಿನ ನೆಲಕ್ಕೆ ಏನೂ ಅಡ್ಡ ಬರೋದಿಲ್ಲ. ದೂರ ಹೋಗುವ ಜೆಟ್‌ಗಳು 35,000 ಅಡಿಗೆ ಏರಿಬಿಡುತ್ತವೆ, ಎಟಿಆರ್ 25,000 ಅಡಿ ದಾಟೋದಿಲ್ಲ. ಕೆರೆ, ತೋಟ, ರಸ್ತೆಯ ತಿರುವು ಎಲ್ಲ ಗುರುತು ಸಿಗುತ್ತದೆ. ನಡುವಿನ ಸಾಲುಗಳಲ್ಲಿ ಕೂತರೆ ವಿಮಾನ ನೆಲ ಬಿಟ್ಟ ಮೇಲೆ ಚಕ್ರ ಮಡಚಿಕೊಂಡು ಒಳಗೆ ಹೋಗೋದು ಕಿಟಕಿಯಿಂದಲೇ ಕಾಣುತ್ತದೆ. ನನ್ನ ಅಣ್ಣನ ಮಗ ಅದನ್ನು ನೋಡಿ ಕೂಗಿದ ಕೂಗಿಗೆ ಹಿಂದಿನ ಸಾಲಿನವರೆಲ್ಲ ಎದ್ದು ನೋಡಿದರು. ಸದ್ದು ಮಾತ್ರ ಸ್ವಲ್ಪ ಜಾಸ್ತಿ, ಪಂಖದ ಪಕ್ಕ ಕೂತರೆ ಇನ್ನೂ ಜಾಸ್ತಿ, ಅದನ್ನು ಮೊದಲೇ ಹೇಳಿಡಿ. ಬುಕ್ ಮಾಡುವಾಗ ವಿಮಾನ ಯಾವುದು ಅಂತ ಅಲ್ಲೇ ಬರೆದಿರುತ್ತದೆ, ನೋಡಿಕೊಳ್ಳಿ.

ಶಿವಮೊಗ್ಗ ನಿಲ್ದಾಣ ಸೋಗಾನೆಯಲ್ಲಿ, 2023ರಲ್ಲಿ ಶುರುವಾದದ್ದು, ಕುವೆಂಪು ಅವರ ಹೆಸರು ಇಟ್ಟಿದ್ದಾರೆ. ಕಟ್ಟಡ ಕಮಲದ ಆಕಾರ. ಚಿಕ್ಕ ನಿಲ್ದಾಣ ಆದ್ದರಿಂದ ಇಳಿದ ಮೇಲೆ ಗದ್ದಲ ಇಲ್ಲ. ಒಂದು ರಾತ್ರಿ ಉಳಿದು ಮರುದಿನ ಬೆಳಿಗ್ಗೆ ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಿ, ಆನೆಗಳನ್ನು ತುಂಗೆಯ ಹಿನ್ನೀರಿನಲ್ಲಿ ಮೈ ತೊಳೆಯೋದು ನೋಡಬಹುದು. ತಡ ಮಾಡಬೇಡಿ, ಹೊತ್ತೇರಿದ ಮೇಲೆ ಅವು ಕಾಡಿಗೆ ಹೋಗಿಬಿಡುತ್ತವೆ.

ಹಳೇ ಕೌಂಟರ್

ನಾನು ಆರು ವರ್ಷ ಒಂದು ವಿಮಾನ ಕಂಪನಿಯ ಚೆಕ್-ಇನ್ ಕೌಂಟರಿನಲ್ಲಿ ಕೆಲಸ ಮಾಡಿದವಳು. ಮೊದಲ ಸಲ ಬರುವ ಕುಟುಂಬಗಳು ಎಲ್ಲಿ ಎಡವುತ್ತವೆ ಅಂತ ಕಣ್ಣಾರೆ ನೋಡಿದ್ದೇನೆ, ಅದಕ್ಕೆ ಬರೆಯುತ್ತಿದ್ದೇನೆ.

ಬಸ್ಸಿಗೆ ಹೋದ ಹಾಗೆ ಹೊರಡುವ ಹೊತ್ತಿಗೆ ಹೋಗಬೇಡಿ. ದೇಶದೊಳಗಿನ ವಿಮಾನಕ್ಕೆ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಕೌಂಟರ್ ಮುಚ್ಚುತ್ತಾರೆ. ಒಮ್ಮೆ ಹೊಸಕೋಟೆ ಕಡೆಯ ಒಂದು ಕುಟುಂಬ ಹತ್ತು ನಿಮಿಷ ತಡವಾಗಿ ಬಂದಿತ್ತು, ಹೊಸ ಬಟ್ಟೆ ಹಾಕಿಕೊಂಡಿದ್ದ ಮೂರು ಮಕ್ಕಳು. ನನ್ನ ಕೈಯಲ್ಲಿ ಏನೂ ಇರಲಿಲ್ಲ. ಆ ಮಕ್ಕಳು ಅಳುತ್ತಾ ಹೋದದ್ದು ನನಗೆ ಇವತ್ತಿಗೂ ಮರೆತಿಲ್ಲ. ಎರಡೂವರೆ ಗಂಟೆ ಮೊದಲೇ ತಲುಪಿ. ಮಕ್ಕಳಿಗೆ ಅದು ಕಾಯುವ ಸಮಯ ಅಲ್ಲ, ಅದೂ ಪ್ರವಾಸವೇ. ಗಾಜಿನ ಪಕ್ಕ ಕೂರಿಸಿ, ಲಗೇಜ್ ತುಂಬೋದು, ಇಂಧನ ಹಾಕೋದು, ವಿಮಾನವನ್ನು ಹಿಂದಕ್ಕೆ ತಳ್ಳುವ ಆ ಚಿಕ್ಕ ಗಾಡಿ ಎಲ್ಲ ನೋಡಲಿ. ದೇವನಹಳ್ಳಿಯಲ್ಲಿ ಎರಡು ಟರ್ಮಿನಲ್ ಇವೆ, ಟಿಕೆಟ್‌ನಲ್ಲಿ ಯಾವುದು ಅಂತ ನೋಡಿಕೊಂಡು ಹೋಗಿ.

ಎರಡು ವರ್ಷ ತುಂಬಿದ ಮಕ್ಕಳಿಗೆ ಬೇರೆ ಸೀಟು, ಟಿಕೆಟ್ ದರ ಹೆಚ್ಚುಕಡಿಮೆ ದೊಡ್ಡವರದ್ದೇ. ನಾಲ್ಕೂ ಟಿಕೆಟ್ ಒಟ್ಟಿಗೆ ಒಂದೇ ಪಿಎನ್ಆರ್‌ನಲ್ಲಿ ತೆಗೆಯಿರಿ. ಹನ್ನೆರಡು ವರ್ಷದೊಳಗಿನ ಮಗುವನ್ನು ಅಪ್ಪ ಅಥವಾ ಅಮ್ಮನ ಪಕ್ಕದಲ್ಲೇ ಕೂರಿಸಬೇಕು ಅಂತ ವಿಮಾನ ಕಂಪನಿಗಳ ಮೇಲ್ವಿಚಾರಣೆ ಮಾಡುವ ಸರ್ಕಾರಿ ಸಂಸ್ಥೆ ಡಿಜಿಸಿಎ 2024ರಲ್ಲಿ ಕಂಪನಿಗಳಿಗೆ ಹೇಳಿದೆ. ಆದರೆ ಪಕ್ಕದಲ್ಲಿ ಅಂದರೆ ಕಿಟಕಿ ಅಂತ ಅರ್ಥ ಅಲ್ಲ! ಕಿಟಕಿ ಬೇಕು ಅಂದರೆ ಬುಕ್ ಮಾಡುವಾಗಲೇ ದುಡ್ಡು ಕೊಟ್ಟು ಸೀಟು ಆರಿಸಿ. ನಿಮ್ಮ ಇಡೀ ಪ್ರವಾಸ ಇರೋದೇ ಆ ಕಿಟಕಿಗಾಗಿ, ಅಲ್ಲಿ ಉಳಿತಾಯ ಮಾಡಬೇಡಿ. ಉಳಿಸೋದಿದ್ದರೆ ತಿಂಡಿಯಲ್ಲಿ ಉಳಿಸಿ, ಚಕ್ಕುಲಿ, ಚಪಾತಿ ಮನೆಯಿಂದಲೇ ತರಬಹುದು.

ಎಲ್ಲರ ಆಧಾರ್ ಇಟ್ಟುಕೊಳ್ಳಿ. ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ, ಲಗೇಜಿಗೆ ಹಾಕಬಾರದು. ಆಟದ ಪಿಸ್ತೂಲು ಮನೆಯಲ್ಲೇ ಬಿಟ್ಟು ಬನ್ನಿ. ಕೊನೆಗೆ ಒಂದು ಮಾತು. ಈಗ ಎಲ್ಲರೂ ಬೋರ್ಡಿಂಗ್ ಪಾಸ್ ಮೊಬೈಲಿನಲ್ಲೇ ತೋರಿಸುತ್ತಾರೆ, ನೀವು ಮಾತ್ರ ಕೌಂಟರಿನಲ್ಲಿ ಕೇಳಿ ಕಾಗದದ್ದು ತೆಗೆದುಕೊಳ್ಳಿ. ತನ್ನ ಹೆಸರು ಇರುವ ಆ ಚೀಟಿ ಮಗುವಿನ ಕೈಗೆ ಬಂದಾಗ ನೋಡಬೇಕು.

ಮಾರತಹಳ್ಳಿ ಮೇಷ್ಟ್ರು

ನನ್ನ ಅಭಿಪ್ರಾಯ ಸ್ವಲ್ಪ ಬೇರೆ ಇದೆ, ಬೇಜಾರು ಮಾಡಿಕೊಳ್ಳಬೇಡಿ ತಾಯಿ. ಐದು ವರ್ಷದ ಮಗುವಿಗೆ ಇದು ಎಷ್ಟು ನೆನಪಿರುತ್ತದೆ? ನಾಲ್ಕು ಜನರ ಟಿಕೆಟ್ ಅಂದರೆ ಸಣ್ಣ ಮೊತ್ತ ಅಲ್ಲ. ನಿಮ್ಮ ಅತ್ತೆಯವರ ಮಾತಿನಲ್ಲೂ ನ್ಯಾಯ ಇದೆ. ಇಲ್ಲೇ ಬೆಂಗಳೂರಿನ ಹಳೇ ವಿಮಾನ ನಿಲ್ದಾಣದ ರಸ್ತೆಯಲ್ಲಿ, ವಿಮಾನ ತಯಾರಿಸುವ ಎಚ್ಎಎಲ್‌ನವರ ವಸ್ತುಸಂಗ್ರಹಾಲಯ ಇದೆ, 2001ರಿಂದ. ನಮ್ಮವರೇ ಕಟ್ಟಿದ ಮಾರುತ್ ಯುದ್ಧ ವಿಮಾನ, ಬಿಚ್ಚಿಟ್ಟ ಎಂಜಿನ್‌ಗಳು ಎಲ್ಲ ಹತ್ತಿರದಿಂದ ನೋಡಬಹುದು. ನಾನು ಪ್ರತಿ ವರ್ಷ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಮೊದಲು ಅದನ್ನು ತೋರಿಸಿ. ಮಗನಿಗೆ ಎಂಟೊಂಬತ್ತು ಆದ ಮೇಲೆ ಹಾರಿಸಿ, ಆಗ ಪ್ರಶ್ನೆಯೂ ಕೇಳುತ್ತಾನೆ, ಉತ್ತರವೂ ಅರ್ಥ ಆಗುತ್ತದೆ.

ಹುಬ್ಬಳ್ಳಿಯಿಂದ

ಮೇಷ್ಟ್ರೇ, ನೆನಪಿನ ಬಗ್ಗೆ ನನ್ನದೊಂದು ಮಾತು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು 2003ರಲ್ಲಿ ಕಡಿಮೆ ದರದ ವಿಮಾನ ಕಂಪನಿ ಏರ್ ಡೆಕ್ಕನ್ ಶುರು ಮಾಡಿದ್ದರಲ್ಲ, ಆಗ ನಮ್ಮಂಥವರ ಮನೆಯಲ್ಲೂ ಮೊದಲ ಸಲ ವಿಮಾನದ ಮಾತು ಬಂತು. ನನ್ನ ತಂದೆಯವರದ್ದು ಚಿಕ್ಕ ಹಾರ್ಡ್‌ವೇರ್ ಅಂಗಡಿ. ಒಂದು ವರ್ಷ ಕೂಡಿಟ್ಟು ನನ್ನನ್ನು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹಾರಿಸಿದರು, ಬರುವಾಗ ರಾತ್ರಿ ಬಸ್ಸು. ಬೆಂಗಳೂರಿನಲ್ಲಿ ಕೆಲಸ ಏನೂ ಇರಲಿಲ್ಲ. ಲಾಲ್‌ಬಾಗ್ ನೋಡಿ, ಊಟ ಮಾಡಿ ಬಂದೆವು ಅಷ್ಟೇ. ನನಗೆ ಆಗ ಆರು ವರ್ಷ. ಆ ವರ್ಷದ ಬೇರೆ ಯಾವುದೂ ನನಗೆ ನೆನಪಿಲ್ಲ, ಶಾಲೆಯ ಟೀಚರ್ ಹೆಸರು ಕೂಡ. ಆದರೆ ಓಡುತ್ತಿದ್ದ ವಿಮಾನ ಒಮ್ಮೆಲೇ ನೆಲ ಬಿಟ್ಟಾಗ ಅಪ್ಪ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡದ್ದು ನೆನಪಿದೆ. ಅವರಿಗೂ ಅದು ಮೊದಲನೇ ಸಲ. ಅವರು ಈಗ ಇಲ್ಲ.

ಅಕ್ಕಾರೆ, ಕರೆದುಕೊಂಡು ಹೋಗಿ.

ಕಿವಿ ಮೂಗು ವಾರ್ಡ್

ನಾನು ನರ್ಸ್. ಕಿವಿಯ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತೇನೆ.

ಕಿವಿಯ ಒಳಗಿನಿಂದ ಗಂಟಲಿನ ಹಿಂಭಾಗಕ್ಕೆ ಒಂದು ಸಣ್ಣ ನಾಳ ಇದೆ. ವಿಮಾನ ಏರುವಾಗ ಕಿವಿಯೊಳಗಿನ ಗಾಳಿ ಅದರಿಂದ ಸುಲಭವಾಗಿ ಹೊರಗೆ ಹೋಗುತ್ತದೆ. ಇಳಿಯುವಾಗ ಹೊರಗಿನ ಗಾಳಿ ಒಳಗೆ ಬರಬೇಕು, ಅದು ಕಷ್ಟ. ಹಾಗಾಗಿ ನೋವು ಬರೋದು ಹೆಚ್ಚಾಗಿ ಇಳಿಯುವಾಗ. ಮಕ್ಕಳಲ್ಲಿ ಈ ನಾಳ ಇನ್ನೂ ಕಿರಿದು, ಶೀತ ಆಗಿದ್ದರೆ ಊದಿಕೊಂಡು ಮುಚ್ಚಿಕೊಳ್ಳುತ್ತದೆ. ನುಂಗಿದಾಗೆಲ್ಲ ಅದು ತೆರೆಯುತ್ತದೆ. ವಿಮಾನ ಇಳಿಯೋಕೆ ಶುರು ಮಾಡಿದೆ ಅಂತ ಗೊತ್ತಾದ ಕೂಡಲೇ ಸ್ಟ್ರಾ ಹಾಕಿ ನೀರು ಕುಡಿಸಿ, ಸ್ವಲ್ಪ ಸ್ವಲ್ಪವಾಗಿ, ನೆಲ ಮುಟ್ಟುವ ತನಕ. ಚೀಪುವ ಲಾಲಿಪಾಪ್ ಕೂಡ ಆಗುತ್ತದೆ. ಚೂಯಿಂಗ್ ಗಮ್ ಐದು ವರ್ಷದವನಿಗೆ ಬೇಡ. ಮಗು ನಿದ್ದೆ ಹೋಗಿದ್ದರೆ ಇಳಿಯುವ ಮೊದಲು ಎಬ್ಬಿಸಿ, ನಿದ್ದೆಯಲ್ಲಿ ನುಂಗೋದು ಕಡಿಮೆ. ಪ್ರವಾಸದ ಹಿಂದಿನ ದಿನ ಜೋರು ಶೀತ, ಜ್ವರ ಅಥವಾ ಕಿವಿ ನೋವು ಇದ್ದರೆ ಡಾಕ್ಟರಿಗೆ ತೋರಿಸದೆ ಹೊರಡಬೇಡಿ, ನೀವಾಗೇ ಮೂಗಿನ ಹನಿ ಹಾಕಬೇಡಿ. ಟಿಕೆಟ್ ತೆಗೆಯುವಾಗಲೇ ದಿನ ಬದಲಾಯಿಸೋಕೆ ಆಗುತ್ತಾ, ಎಷ್ಟು ಕಡಿತ ಆಗುತ್ತೆ ಅಂತ ನೋಡಿಡಿ.

ಕುಡ್ಲ ಮಾಮ

ಮಂಗಳೂರನ್ನೂ ಮರೆಯಬೇಡಿ. ಘಟ್ಟದ ಮೇಲೆ ಹಾರಿ, ಹಸಿರು ಮುಗಿದ ಮೇಲೆ ಸಮುದ್ರ ಕಾಣುತ್ತದೆ. ಬಜ್ಪೆಯ ರನ್‌ವೇ ಗುಡ್ಡದ ತಲೆಯ ಮೇಲಿದೆ, ಇಳಿಯೋದೇ ಒಂದು ನೋಟ. ಪಣಂಬೂರಿನಲ್ಲಿ ಮರಳಾಟ, ಸಂಜೆ ಒಂದು ಗಡ್‌ಬಡ್ ಐಸ್‌ಕ್ರೀಂ. ವಾಪಸ್ ಬರುವಾಗ ಹಗಲು ರೈಲು ಹಿಡಿದರೆ ಸುಬ್ರಹ್ಮಣ್ಯದಿಂದ ಸಕಲೇಶಪುರದ ತನಕ 57 ಸುರಂಗ, ಮಕ್ಕಳು ಎಣಿಸುತ್ತಾ ಕೂರುತ್ತಾರೆ. ಯಾವ ಊರೇ ಆಗಲಿ, ಬೆಳಗಿನ ವಿಮಾನ ತೆಗೆಯಿರಿ, ಮಧ್ಯಾಹ್ನ ಬಿಸಿಲಿಗೆ ಕುಲುಕಾಟ ಜಾಸ್ತಿ. ಡಿಸೆಂಬರ್, ಜನವರಿ ಆದರೆ ತೀರಾ ಮುಂಜಾನೆಯದ್ದು ಬೇಡ, ದೇವನಹಳ್ಳಿಯಲ್ಲಿ ಮಂಜು ಬಿದ್ದು ತಡ ಆಗುತ್ತದೆ. ನೆಲ ಬಿಟ್ಟ ಮೇಲೆ "ಢಬ್" ಅಂತ ಸದ್ದು ಬರುತ್ತದೆ, ಅದು ಚಕ್ರ ಒಳಗೆ ಹೋದದ್ದು ಅಂತ ಮೊದಲೇ ಹೇಳಿಡಿ, ಇಲ್ಲದಿದ್ದರೆ ಹೆದರುತ್ತಾರೆ.

ತುಮಕೂರಿನ ಅಮ್ಮ

ಹೋಗಿ ಬಂದೆವು! ಎಲ್ಲರಿಗೂ ಹೇಳಬೇಕು ಅಂತ ಮತ್ತೆ ಬಂದೆ.

ಶಿವಮೊಗ್ಗಕ್ಕೇ ಹೋದೆವು. ಮಗನಿಗೆ ಸಣ್ಣ ಶೀತ ಇತ್ತು, ಡಾಕ್ಟರಿಗೆ ತೋರಿಸಿ ಅವರು ಹೋಗಬಹುದು ಅಂದ ಮೇಲೆ ಹೊರಟೆವು. ಇಳಿಯುವಾಗ ಸ್ಟ್ರಾದಲ್ಲಿ ನೀರು ಕುಡಿಯುತ್ತಲೇ ಇದ್ದ, ಒಂದು ಸಲ "ಕಿವಿ ಟಪ್ ಅಂತು" ಅಂದ, ಅಷ್ಟೇ. ಮೇಷ್ಟ್ರೇ, ನಿಮ್ಮ ಮಾತನ್ನೂ ಬಿಟ್ಟಿಲ್ಲ, ಎಚ್ಎಎಲ್‌ಗೆ ಹೋಗೋದು ಈಗ ಪಟ್ಟಿಯಲ್ಲಿದೆ, ಮಗಳೇ ಕೇಳುತ್ತಿದ್ದಾಳೆ.

ಚಕ್ರ ಮಡಚಿಕೊಳ್ಳೋದು ಕಂಡಿತು. ಆದರೆ ನಮಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸಿದ್ದು ಬೇರೆ. ಮೋಡದ ಮೇಲೆ ಹೋಗುತ್ತಿದ್ದಾಗ ವಿಮಾನ ಸ್ವಲ್ಪ ತಿರುಗಿತು. ಮಗಳ ಕಡೆ ಕಿಟಕಿಯಲ್ಲಿ, ಕೆಳಗೆ ಬಿಳಿ ಮೋಡದ ಮೇಲೆ ನಮ್ಮದೇ ವಿಮಾನದ ಪುಟ್ಟ ನೆರಳು, ಅದರ ಸುತ್ತ ದುಂಡಗೆ ಒಂದು ಕಾಮನಬಿಲ್ಲು. ನಾನು ಅಂಥದ್ದು ಇದೆ ಅಂತಲೇ ಕೇಳಿರಲಿಲ್ಲ. ಸೂರ್ಯ ಇರುವ ಕಡೆಗೆ ಎದುರು ಬದಿಯಲ್ಲಿ ಮಾತ್ರ ಕಾಣುತ್ತದಂತೆ, ಮೋಡದ ಹನಿಗಳಿಂದ ಬೆಳಕು ವಾಪಸ್ ಬಂದು ಹಾಗೆ ಆಗುತ್ತದಂತೆ, ಮನೆಗೆ ಬಂದ ಮೇಲೆ ಮಗಳು ಮೇಡಂ ಹತ್ತಿರ ಕೇಳಿಕೊಂಡು ಬಂದು ಹೇಳಿದಳು. ಮಗ ಆ ಕಡೆ ಕಿಟಕಿಯಿಂದ ಎದ್ದು ಬರೋಕೆ ಆಗದೆ ಅತ್ತುಬಿಟ್ಟ, ಬೆಲ್ಟ್ ಹಾಕಿರಬೇಕು ಅಂತ ದೀಪ ಉರಿಯುತ್ತಿತ್ತು. ಅದೊಂದು ಬೇಜಾರು. ಮುಂದಿನ ಸಲ ಇಬ್ಬರನ್ನೂ ಒಂದೇ ಬದಿಯಲ್ಲಿ ಹಿಂದೆ ಮುಂದೆ ಕೂರಿಸುತ್ತೇನೆ.

ರೈಲಿನಲ್ಲಿ ಬರುವಾಗ ಇಬ್ಬರೂ ಕಿಟಕಿ ಕಡೆ ತಲೆಯಿಟ್ಟು "ಈ ಕೆರೆ ಮೇಲಿಂದ ನೋಡಿದ್ದಾ?" ಅಂತ ಪ್ರತಿ ಕೆರೆಗೂ ಕೇಳುತ್ತಾ ಬಂದರು. ಕಡೂರು ದಾಟಿದ ಮೇಲೆ ನಿದ್ದೆ.

ಕಾಗದದ ಬೋರ್ಡಿಂಗ್ ಪಾಸ್ ಕೇಳಿ ತೆಗೆದುಕೊಂಡೆವು. ಮಗಳದ್ದು ಅವಳ ಕಂಪಾಸ್ ಬಾಕ್ಸಿನಲ್ಲಿದೆ. ಮಗನದ್ದು ಅತ್ತೆಯವರ ಹತ್ತಿರ ಇದೆ, ಅವನೇ ಕೊಟ್ಟದ್ದು. ದೇವರ ಮನೆಯಲ್ಲಿ ಪಂಚಾಂಗದ ಒಳಗೆ ಇಟ್ಟುಕೊಂಡಿದ್ದಾರೆ.