ಸೌತೆಬಳ್ಳಿ ತುಂಬಾ ಹೂವು, ಕಾಯಿ ಮಾತ್ರ ನಿಲ್ಲುತ್ತಿಲ್ಲ

ತಾರಸಿತೋಟ:
ಬಳ್ಳಿ ಚೆನ್ನಾಗಿ ಹಬ್ಬಿದೆ, ಹೂವೂ ಜಾಸ್ತಿ. ಆದರೆ ಕಿರುಬೆರಳಷ್ಟು ಹೀಚು ಬಂದು ಹಳದಿಯಾಗಿ ಉದುರುತ್ತದೆ. ನಿಂತ ಒಂದೆರಡು ಕಾಯಿಯೂ ಸೊಟ್ಟ, ಒಂದು ತುದಿ ದಪ್ಪ, ಇನ್ನೊಂದು ಬತ್ತಿದ ಹಾಗೆ. ನೀರು, ಗೊಬ್ಬರ ಎಲ್ಲ ಕೊಡುತ್ತಿದ್ದೇನೆ. ಹೇನು ಬಂದಿತ್ತು ಅಂತ ವಾರಕ್ಕೊಮ್ಮೆ ಬೆಳಗ್ಗೆ ಔಷಧಿಯನ್ನೂ ಹೊಡೆಯುತ್ತೇನೆ. ಮಣ್ಣಿನಲ್ಲಿ ಏನಾದರೂ ಕೊರತೆಯಾ?

ಹಿತ್ತಲಮನೆ:
ಮಣ್ಣಿನದಲ್ಲ ಅನಿಸುತ್ತದೆ. ಹೂವಿನ ಹಿಂದೆ ನೋಡಿ. ಪುಟ್ಟ ಸೌತೆಕಾಯಿ ಅಂಟಿಕೊಂಡಿದ್ದರೆ ಹೆಣ್ಣುಹೂವು, ಬರೀ ತೊಟ್ಟಿದ್ದರೆ ಗಂಡು. ಗಂಡುಹೂವಿನ ಪರಾಗ ಅಂಟಂಟು, ಗಾಳಿಗೆ ಹಾರುವುದಿಲ್ಲ, ಜೇನೋ ದುಂಬಿಯೋ ಹೊತ್ತು ತರಬೇಕು. ಹೆಣ್ಣುಹೂವು ಅರಳಿರುವುದು ಸುಮಾರು ಒಂದೇ ದಿನ, ಅಷ್ಟರಲ್ಲಿ ಅವು ಹಲವು ಸಲ ಬಂದುಹೋದರೆ ಕಾಯಿ ನೆಟ್ಟಗೆ ಬರುತ್ತದೆ, ಪರಾಗ ಸಾಲದಿದ್ದರೆ ಬೀಜ ಕಟ್ಟದ ಕಡೆ ಬತ್ತಿ ಸೊಟ್ಟಗಾಗುತ್ತದೆ. ನೀವು ಔಷಧಿ ಹೊಡೆಯುವುದೂ ಜೇನು ಬರುವ ಬೆಳಗಿನ ಹೊತ್ತಿಗೇ, ಅಲ್ವಾ?

ತಾರಸಿತೋಟ:
ಹೌದು, ಎಂಟು ಗಂಟೆಗೆ. ಛೆ. ಇಲ್ಲಿ ಜೇನು ಕಂಡು ಎಷ್ಟು ದಿನವಾಯಿತೋ. ಒಂದು ಜೇನುಪೆಟ್ಟಿಗೆ ತಂದಿಡಲಾ?

ದುಂಬಿಗೆಳತಿ:
ದಯವಿಟ್ಟು ಈಗ ಬೇಡ. ವಿಷ ಬಿದ್ದ ಪರಾಗವನ್ನು ಅವು ಗೂಡಿಗೆ ಒಯ್ದು ಮರಿಗಳಿಗೇ ತಿನ್ನಿಸುತ್ತವೆ. ಇನ್ನೊಂದು ಮಾತು, ಪೆಟ್ಟಿಗೆಯ ಜೇನು ಮಾತ್ರ ಈ ಕೆಲಸ ಮಾಡುವುದಲ್ಲ. ಜೇನು, ದುಂಬಿ ಎಲ್ಲ ಸೇರಿ ಪ್ರಪಂಚದಲ್ಲಿ 20,000ಕ್ಕೂ ಜಾಸ್ತಿ ಜಾತಿಗಳಿವೆ, ಹೆಚ್ಚಿನವು ಒಂಟಿಯಾಗಿ ನೆಲದಲ್ಲಿ ತೂತು ಕೊರೆದು ಬದುಕುತ್ತವೆ. ಬದನೆ ಹೂವು ನೋಡಿದ್ದೀರಾ? ಪರಾಗ ಸಣ್ಣ ಕೊಳವೆಯೊಳಗೆ ಇರುತ್ತದೆ. ದುಂಬಿ ಅದನ್ನು ತಬ್ಬಿಕೊಂಡು ಗುಂಯ್ ಅಂತ ಮೈ ನಡುಗಿಸಿದರೆ ತುದಿಯಿಂದ ಪುಡಿ ಉದುರುತ್ತದೆ. ಪೆಟ್ಟಿಗೆಯ ಜೇನಿಗೆ ಆ ವಿದ್ಯೆ ಇಲ್ಲ! ಅದಕ್ಕೇ ಕೊತ್ತಂಬರಿಯನ್ನು ಪೂರ್ತಿ ಕೀಳದೆ ಒಂದಷ್ಟು ಹೂ ಬಿಡಲು ಬಿಡಿ, ತಟ್ಟೆಯಲ್ಲಿ ಕಲ್ಲು ಹಾಕಿ ನೀರಿಡಿ, ನೆಲವಿದ್ದರೆ ಒಂದು ಮೂಲೆ ಅಗೆಯದೆ ಬಿಟ್ಟುಬಿಡಿ.

ಹಿತ್ತಲಮನೆ:
ಸದ್ಯಕ್ಕೆ ಗಂಡುಹೂವು ಕಿತ್ತು, ಎಸಳು ತೆಗೆದು, ಹೆಣ್ಣುಹೂವಿನ ನಡುವೆ ಮೆಲ್ಲಗೆ ಸವರಿ. ಹೇನಿಗೆ ಜೋರಾಗಿ ನೀರು ಚಿಮ್ಮಿಸಿದರೆ ಸಾಕು. ಔಷಧಿಯನ್ನು ಸಂಜೆ ಹೊಡೆದರೆ ಸರಿ ಅಂತಲೂ ಅಂದುಕೊಳ್ಳಬೇಡಿ, ಕೆಲವು ಗಿಡದ ರಸಕ್ಕೇ ಸೇರಿ ಮಕರಂದದಲ್ಲೂ ಬರುತ್ತವೆ. ಯುರೋಪ್ ಒಕ್ಕೂಟ 2018ರಲ್ಲಿ ಅಂಥ ಮೂರನ್ನು ಬಯಲಿನ ಬೆಳೆಗೆ ನಿಷೇಧಿಸಿತು, ಇಮಿಡಾಕ್ಲೋಪ್ರಿಡ್ ಅದರಲ್ಲೊಂದು. ನಿಮ್ಮ ಬಾಟಲಿ ಮೇಲೆ ಏನು ಬರೆದಿದೆ ನೋಡಿ.

ತಾರಸಿತೋಟ:
ನೋಡಿದೆ. ಅದೇ ಹೆಸರು. ಇನ್ನು ಮುಟ್ಟುವುದಿಲ್ಲ. ನಾಳೆ ಮೂರು ಹೆಣ್ಣುಹೂವು ಅರಳುವ ಹಾಗಿವೆ, ಬೇಗ ಎದ್ದು ಸವರುತ್ತೇನೆ.